‘ಬರಲಿಲ್ಲ’ ಎಂದು ಬರೆಯುತ್ತಿದ್ದವರು

ಸಿಸ್ಟರ್ ಕಾಗದ ಹರಿದದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಊಟದ ಡಬ್ಬಿಯ ಬದಲು ಅವರು ತರುತ್ತಿದ್ದದ್ದು ಕಂದು ಕಾಗದದ ಚೀಲ. ಊಟವಾದ ಮೇಲೆ ಆ ಚೀಲವನ್ನು ಅಂಗೈಯಿಂದ ಒತ್ತಿ, ಸುಕ್ಕು ಬಿಡಿಸಿ, ನಾಲ್ಕು ಮಡಿಕೆ ಮಾಡಿ ಏಪ್ರನ್ನಿನ ಜೇಬಿಗೆ ಸೇರಿಸುವರು. ಹಳೆಯ ಲ್ಯಾಬ್ ಚೀಟಿ, ಔಷಧ ಕಂಪನಿಯವರ ಕರಪತ್ರ, ಯಾರೋ ಬರೆದು ಕಾಟು ಹೊಡೆದ ಡಯಟ್ ಶೀಟು, ಯಾವುದನ್ನೂ ಕಸದ ಬುಟ್ಟಿಗೆ ಬಿಡುತ್ತಿರಲಿಲ್ಲ. “ಇದನ್ನೆಲ್ಲ ಇಟ್ಟುಕೊಂಡು ಏನು ಮಾಡ್ತೀರಿ?” ಎಂದು ಒಮ್ಮೆ ಕೇಳಿದ್ದೆ. “ಇಲ್ಲ ಅಂತ ಯಾರಾದರೂ ಹೇಳಿದಾಗ ತೋರಿಸ್ತೀನಿ,” ಎಂದರು. ಏನು ಇಲ್ಲ ಅಂತ, ಯಾರು ಹೇಳಿದಾಗ ಎಂದು ಕೇಳುವಷ್ಟು ಬುದ್ಧಿ ಆಗ ನನಗಿರಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರೆಂದು ಅವರ ತಂಗಿಯ ಮಗಳು ಫೋನ್ ಮಾಡಿದಳು. ನಿಮಗೆ ತಿಳಿಸಬೇಕೆಂದು ಆಂಟಿ ಬರೆದಿಟ್ಟಿದ್ದರು ಎಂದಳು. ಬರೆದಿಟ್ಟೇ ಇರುತ್ತಾರೆ, ಅವರಲ್ಲದೆ ಇನ್ಯಾರು! ಅಟ್ಲಾಂಟಾದ ನನ್ನ ಅಡುಗೆಮನೆಯಲ್ಲಿ ಒಗ್ಗರಣೆ ಸೀದುಹೋಗುವವರೆಗೆ ಫೋನ್ ಹಿಡಿದುಕೊಂಡೇ ನಿಂತಿದ್ದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯುವ ಮೊದಲು ಯಾರು ಓದುತ್ತಾರೆ ಅಂತ ಯೋಚಿಸಿ ಎಂದು ನನಗೆ ಕಲಿಸಿದವರೇ ಅವರು. ಆ ಪಾಠಕ್ಕೆ ನಾನು ತೆತ್ತದ್ದು ನನ್ನದೇನನ್ನೂ ಅಲ್ಲ, ಬೇರೆಯವರ ಮಗುವನ್ನು. ಅದಕ್ಕೇ ಇವತ್ತಿಗೂ ಪೆನ್ನು ಹಿಡಿದರೆ ನನಗೆ ಸ್ವಲ್ಪ ಭಯ.

ಮೈಸೂರಿನಲ್ಲಿ ಡಾಕ್ಟರ್ ಓದು ಮುಗಿಸಿ, ವಾಷಿಂಗ್ಟನ್ ಪಕ್ಕದ ಒಂದು ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಎರಡು ವರ್ಷ ಟ್ರೈನಿಂಗ್ ಮಾಡಿ, 1967ರ ಸೆಪ್ಟೆಂಬರಿನಲ್ಲಿ ನಾನು ನಾರ್ತ್ ಕೆರೊಲಿನಾದ ಒಂದು ಸಣ್ಣ ಕೌಂಟಿ ಆಸ್ಪತ್ರೆಗೆ ಬಂದೆ. ನಮ್ಮವರಿಗೆ ಅಲ್ಲಿಯ ಬಟ್ಟೆ ಗಿರಣಿಯಲ್ಲಿ ಬಣ್ಣದ ಕೆಮಿಸ್ಟ್ ಕೆಲಸ ಸಿಕ್ಕಿತ್ತು. ಸುತ್ತ ತಂಬಾಕಿನ ಹೊಲ, ಹತ್ತಿಯ ಹೊಲ, ನಡುವೆ ಕಾಫಿ ಡಿಕಾಕ್ಷನ್ ಬಣ್ಣದ ನೀರು ಹರಿಯುವ ನದಿ, ಅದರ ಎರಡೂ ಕಡೆ ಜೌಗು ಕಾಡು. ಆಸ್ಪತ್ರೆಗೆ ಮೂರು ಬಾಗಿಲು. ಬಿಳಿಯರಿಗೊಂದು, ಕರಿಯರಿಗೊಂದು, ಇಂಡಿಯನ್ನರಿಗೊಂದು, ಅಂದರೆ ಆ ನೆಲದ ಮೂಲ ಜನರಿಗೆ. ಕಾನೂನು ಬಂದು ಬೋರ್ಡುಗಳನ್ನು ತೆಗೆದು ಒಂದು ವರ್ಷವಾಗಿತ್ತು. ಬೋರ್ಡಿದ್ದ ಜಾಗದಲ್ಲಿ ಗೋಡೆಯ ಬಣ್ಣ ಮಾತ್ರ ಬೇರೆ. ಜನ ಆ ಬಣ್ಣ ನೋಡಿಕೊಂಡೇ ಹಳೆಯ ಅಭ್ಯಾಸದಂತೆ ಅವರವರ ಬಾಗಿಲಿನಿಂದ ಬರುತ್ತಿದ್ದರು.

ಮೊದಲ ದಿನ ನಾನು ಸೀರೆಯ ಮೇಲೆ ಬಿಳಿ ಕೋಟು ಹಾಕಿಕೊಂಡು ಮೂರು ಬಾಗಿಲನ್ನೂ ನೋಡುತ್ತ ನಿಂತಿದ್ದೆ. ಐವತ್ತು ದಾಟಿದ ನರ್ಸ್ ಒಬ್ಬರು ಹತ್ತಿರ ಬಂದರು. ಕುಳ್ಳಗೆ, ಗಟ್ಟಿಮುಟ್ಟಾಗಿ, ಕಂದು ಮುಖ, ಟೋಪಿಯ ಕೆಳಗೆ ಬಿಗಿಯಾಗಿ ಸುತ್ತಿದ ಕೂದಲು. ಕೊರಳಿಗೆ ದಾರ ಕಟ್ಟಿ ಪೆನ್ನು ನೇತುಹಾಕಿಕೊಂಡಿದ್ದರು.

“ಯಾವ ಬಾಗಿಲು ಅಂತ ನೋಡ್ತಿದ್ದೀರಾ, ಡಾಕ್ಟರ್? ನಿಮ್ಮಂಥವರಿಗೆ ಇವರು ಇನ್ನೂ ಬಾಗಿಲು ಕಟ್ಟಿಲ್ಲ. ಆಂಬುಲೆನ್ಸ್ ಬರೋ ಕಡೆಯಿಂದ ಬನ್ನಿ. ಅಲ್ಲಿ ಯಾರೂ ಕೇಳಲ್ಲ.”

ನಾನು ಮೈಸೂರಿನ ರೂಢಿಯಂತೆ “ಥ್ಯಾಂಕ್ಸ್ ಸಿಸ್ಟರ್” ಎಂದೆ. ಅವರು ಥಟ್ಟನೆ ನಿಂತರು. “ನಾನು ಕಾನ್ವೆಂಟಿನವಳಲ್ಲ. ನಿಮ್ಮ ಅಕ್ಕನೂ ಅಲ್ಲ.” ನಮ್ಮೂರಲ್ಲಿ ನರ್ಸನ್ನು ಹಾಗೇ ಕರೆಯುತ್ತೇವೆಂದು ಹೇಳಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಸರಿ, ಕರೀರಿ. ನೋಡೋಣ,” ಎಂದರು. ಅವರು ಆ ನೆಲದ ಇಂಡಿಯನ್, ನಾನು ಈ ಕಡೆಯ ಇಂಡಿಯನ್. ಎರಡೂ ಕಡೆಯವರಿಗೆ ಒಂದೇ ಹೆಸರಿಟ್ಟ ಗೊಂದಲದ ಬಗ್ಗೆ ಇದ್ದಬದ್ದ ಜೋಕುಗಳನ್ನೆಲ್ಲ ನಾವಿಬ್ಬರೂ ಮೊದಲ ವಾರದಲ್ಲೇ ಮುಗಿಸಿಬಿಟ್ಟೆವು.

ಅವರು ನಿಂತೇ ಊಟ ಮಾಡುತ್ತಿದ್ದರು. ಕೂತರೆ ಯಾರೋ ಬಂದು ಎಬ್ಬಿಸುತ್ತಾರೆ, ಎಬ್ಬಿಸಿಕೊಳ್ಳುವುದು ನನಗೆ ಇಷ್ಟವಿಲ್ಲ ಎನ್ನುವರು. ಟೈಪಿಸ್ಟು ಹುಡುಗಿ ಅವರ ಜನರ ಮಗುವಿನ ಜನನ ಪತ್ರದಲ್ಲಿ ಕುಲದ ಕಾಲಂನಲ್ಲಿ ತಪ್ಪು ಪದ ಹೊಡೆದರೆ, ತಾವೇ ಮೆಷಿನ್ನಿನ ಮುಂದೆ ನಿಂತು, ಒಂದೇ ಬೆರಳಿನಿಂದ ಇಡೀ ಪತ್ರವನ್ನು ಮತ್ತೆ ಟೈಪ್ ಮಾಡುವರು. ತಪ್ಪು ಪತ್ರವನ್ನೂ ಮಡಿಸಿ ಜೇಬಿಗೆ.

ಅವರ ಜನರ ಚರಿತ್ರೆಯನ್ನು ನಾನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ಸಿರಿಂಜು ಕುದಿಸುವಾಗ, ಬ್ಯಾಂಡೇಜು ಸುತ್ತುವಾಗ ಅವರು ತುಂಡು ತುಂಡಾಗಿ ಹೇಳಿದ್ದು. “ಯಾರು ಯುದ್ಧ ಮಾಡಿದರೋ ಅವರ ಜೊತೆ ಸರ್ಕಾರ ಒಪ್ಪಂದ ಮಾಡಿಕೊಂಡಿತು. ಆಮೇಲೆ ಆ ಒಪ್ಪಂದ ಮುರಿದು, ಅವರನ್ನ ಪಶ್ಚಿಮಕ್ಕೆ ನಡೆಸಿಕೊಂಡು ಹೋಯಿತು. ನಮ್ಮವರು ಈ ಜೌಗಿನೊಳಗೆ ಅಡಗಿಕೊಂಡರು. ಇಲ್ಲಿಗೆ ಯಾರೂ ಬರಲಿಲ್ಲ, ಹಾಗಾಗಿ ಒಪ್ಪಂದ ಇಲ್ಲ. ಒಪ್ಪಂದ ಇಲ್ಲ ಅಂದರೆ ಕಾಗದ ಇಲ್ಲ. ಕಾಗದ ಇಲ್ಲ ಅಂದರೆ ವಾಷಿಂಗ್ಟನ್ನಿನ ಪಟ್ಟಿಯಲ್ಲಿ ನಾವೇ ಇಲ್ಲ. ಮುರಿಯೋಕೆ ಒಂದು ಒಪ್ಪಂದವಾದರೂ ಬೇಕಲ್ಲ, ಡಾಕ್ಟರ್?” ಹೀಗೆ ಹೇಳಿ ಅವರು ನಗುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಕುದಿಯುವ ನೀರಿನಿಂದ ಇಕ್ಕಳದಲ್ಲಿ ಸೂಜಿ ಎತ್ತಿ ಟ್ರೇನಲ್ಲಿ ಜೋಡಿಸುತ್ತಿದ್ದರು.

ಆ ಚಳಿಗಾಲದ ಕೊನೆಗೆ ಒಂದು ಮಗು ಬಂತು. ಐದು ವರ್ಷದ ಹುಡುಗಿ, ಕಿವಿ ಸೋರುತ್ತಿತ್ತು, ಎದೆಯಲ್ಲಿ ಕಫ, ಜ್ವರ. ಕರೆತಂದವಳು ಅಜ್ಜಿ. ಒಂದು ವಾರ ವಾರ್ಡಿನಲ್ಲಿದ್ದರು. ಅಜ್ಜಿ ಮಂಚ ಬಿಟ್ಟು ಕದಲಲಿಲ್ಲ. ಮಗುವಿಗೆ ಆಸ್ಪತ್ರೆಯ ಚಮಚ ಬೇಡ, ಅಜ್ಜಿಯ ಬೆರಳಿನಿಂದಲೇ ತುತ್ತು ಬೇಕು. ಅಮೆರಿಕಕ್ಕೆ ಬಂದ ಮೇಲೆ ಮಗುವಿಗೆ ಕೈತುತ್ತು ಹಾಕುವುದನ್ನು ನಾನು ನೋಡಿದ್ದು ಅದೇ ಮೊದಲು. ನಂಜನಗೂಡಿನಲ್ಲಿ ನಾನು ಬೆಳೆದದ್ದೂ ಹೀಗೇ. ಅಪ್ಪ ಅಮ್ಮ ಅಪ್ಪನ ಕೆಲಸದ ಊರುಗಳಲ್ಲಿ, ನಾನು ಅಜ್ಜಿಯ ಸೆರಗಿನಲ್ಲಿ, ರಾತ್ರಿ ಆದರೆ ಒಂದೇ ಜಮಖಾನದ ಮೇಲೆ ಅಜ್ಜಿ ಮತ್ತು ನಾಲ್ಕು ಮೊಮ್ಮಕ್ಕಳು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಕೇಸ್ ಶೀಟಿನಲ್ಲಿ ‘ಮನೆಯ ಪರಿಸ್ಥಿತಿ’ ಎಂದು ಒಂದು ಕಾಲಂ. ಅಲ್ಲಿಯ ಡಾಕ್ಟರುಗಳು ಅದರಲ್ಲಿ ಒಂದು ಸಾಲು ಗೀಚಿ ಬಿಡುತ್ತಿದ್ದರು. ರೋಗಿಯ ಮನೆಯನ್ನು ಬರೆಯದವನು ರೋಗವನ್ನು ಅರ್ಧ ಬರೆದ ಹಾಗೆ ಎಂದು ಗದರಿಸುತ್ತಿದ್ದ ಮೈಸೂರಿನ ಪ್ರೊಫೆಸರ ಶಿಷ್ಯೆ ನಾನು. ಅರ್ಧ ಪುಟ ಬರೆದೆ, ಅದೂ ಸಂತೋಷದಿಂದ. ‘ತಾಯಿ ಎರಡು ವರ್ಷದಿಂದ ವಾಷಿಂಗ್ಟನ್ನಿನ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಾಳೆ, ವರ್ಷಕ್ಕೆರಡು ಸಲ ಬರುತ್ತಾಳೆ. ಮಗು ಅಜ್ಜಿಯ ಜೊತೆ. ಅಜ್ಜಿ ಮತ್ತು ಇನ್ನಿಬ್ಬರು ಮಕ್ಕಳೊಂದಿಗೆ ಒಂದೇ ಹಾಸಿಗೆಯಲ್ಲಿ ಮಲಗುತ್ತದೆ. ಅಜ್ಜಿಯ ಕೈಯಿಂದಲೇ ಊಟ. ಹಗಲಿಡೀ ಅಜ್ಜಿಯ ಮತ್ತು ಇಬ್ಬರು ಚಿಕ್ಕಮ್ಮಂದಿರ ಮೂರು ಮನೆಗಳಲ್ಲಿ ಓಡಾಡಿಕೊಂಡಿರುತ್ತದೆ, ಊಟದ ಹೊತ್ತಿಗೆ ಎಲ್ಲಿರುತ್ತದೋ ಅಲ್ಲೇ ಉಣ್ಣುತ್ತದೆ. ಅಜ್ಜಿ ಕಣ್ಮರೆಯಾದರೆ ಅಳುತ್ತದೆ.’ ಇದಕ್ಕಿಂತ ಚೆನ್ನಾಗಿ ನೋಡಿಕೊಂಡ ಮಗುವನ್ನು ಈ ದೇಶದಲ್ಲಿ ನಾನು ಕಂಡಿಲ್ಲ ಎನ್ನುವುದು ನನ್ನ ಮನಸ್ಸಿನಲ್ಲಿದ್ದ ಕೊನೆಯ ಸಾಲು. ಅದು ಹೇಳದೆಯೇ ಗೊತ್ತಾಗುತ್ತದೆ ಅಂದುಕೊಂಡು ಬರೆಯಲಿಲ್ಲ. ಕೆಳಗೆ ಸಹಿ ಹಾಕಿದೆ.

ಸರ್ಕಾರದ ಖರ್ಚಿನಲ್ಲಿ ಚಿಕಿತ್ಸೆ ಪಡೆದ ಮಕ್ಕಳ ಕೇಸ್ ಶೀಟಿನ ನಕಲು ಕೌಂಟಿಯ ಮಕ್ಕಳ ಕಲ್ಯಾಣ ಕಚೇರಿಗೆ ಹೋಗುತ್ತದೆಂದು ನನಗೆ ತಿಳಿದಿರಲಿಲ್ಲ.

ಮೂರು ವಾರದ ನಂತರ ಅಜ್ಜಿ ಕಿವಿ ತೋರಿಸಲು ಮಗುವನ್ನು ಕರೆದುಕೊಂಡು ಬಂದಳು. ಕ್ಲಿನಿಕ್ಕಿನ ಬೆಂಚಿನ ಮೇಲೆ ಕಲ್ಯಾಣ ಕಚೇರಿಯ ಒಬ್ಬ ಹೆಂಗಸು, ಪಕ್ಕದಲ್ಲಿ ಸಮವಸ್ತ್ರದ ಪೊಲೀಸಿನವನು ಕಾಯುತ್ತ ಕೂತಿದ್ದರು. ಹೆಂಗಸು ಎದ್ದು ಆದೇಶ ಓದಿದಳು. ತಾಯಿ ತೊರೆದುಹೋದ ಮಗು. ಸ್ವಂತ ಹಾಸಿಗೆ ಇಲ್ಲ. ನಿಶ್ಚಿತ ಮನೆ ಇಲ್ಲ. ಹೊತ್ತಿಗೆ ಸರಿಯಾಗಿ ಊಟದ ವ್ಯವಸ್ಥೆ ಇಲ್ಲ. ಸಾಕ್ಷಿ: ಡಾಕ್ಟರ ಸಹಿಯಿರುವ ಕೇಸ್ ಶೀಟು. ಸಾಲು ಸಾಲಾಗಿ ನನ್ನ ಅಕ್ಷರವೇ.

ಸಿಸ್ಟರ್ ನಡುವೆ ಬಂದು ನಿಂತರು. “ಲಸಿಕೆ ಕಾರ್ಡು ಮುಗಿದಿಲ್ಲ. ಕಾರ್ಡು ಇಲ್ಲದೆ ಯಾವ ಶಾಲೆಯೂ ಈ ಮಗುವನ್ನ ಸೇರಿಸಿಕೊಳ್ಳಲ್ಲ. ನಾನು ಬರೆದುಕೊಡೋವರೆಗೂ ಕೂತುಕೊಳ್ಳಿ.”

ಕಾರ್ಡು ಬರೆಯಲು ಐದು ನಿಮಿಷ ಸಾಕು. ಅವರು ನಲವತ್ತು ನಿಮಿಷ ತೆಗೆದುಕೊಂಡರು. ತೂಕ ನೋಡಿದರು, ಎತ್ತರ ನೋಡಿದರು, ಮತ್ತೆ ತೂಕ ನೋಡಿದರು. ಊರಿನ ಒಬ್ಬ ವಕೀಲರಿಗೆ ಫೋನ್ ಮಾಡಿಸಿದ್ದರೆಂದು, ಆತ ಬರಲಿ ಎಂದು ಹೊತ್ತು ಕಳೆಯುತ್ತಿದ್ದರೆಂದು ನನಗೆ ಆಮೇಲೆ ಗೊತ್ತಾಯಿತು. ಪೊಲೀಸಿನವನು ಎರಡು ಸಲ ಗಡಿಯಾರ ನೋಡಿದ. ಮೂರನೇ ಸಲ ಎದ್ದು ನಿಂತ. ವಕೀಲ ಬರಲಿಲ್ಲ. ಸಿಸ್ಟರ್ ಕಾರ್ಡನ್ನು ತಿರುಗಿಸಿ, ಹಿಂದೆ ಆಸ್ಪತ್ರೆಯ ಹೆಸರು, ಮಗುವಿನ ಪೂರ್ತಿ ಹೆಸರು, ಅಜ್ಜಿಯ ಹೆಸರು ದಪ್ಪಕ್ಷರದಲ್ಲಿ ಬರೆದರು. ಅದರ ಕೆಳಗೆ: ‘ಮುಂದಿನ ಅಪಾಯಿಂಟ್‌ಮೆಂಟ್ ಅಕ್ಟೋಬರ್. ಈ ಕಾರ್ಡು ತರಬೇಕು.’ ಕಾರ್ಡನ್ನು ಮಗುವಿನ ಅಂಗಿಯ ಒಳಗೆ ಪಿನ್ನು ಹಾಕಿ ಸಿಕ್ಕಿಸಿದರು.

ಅಜ್ಜಿ ಕೂಗಾಡಲಿಲ್ಲ. ಮಗುವಿನ ಮೂಗು ಒರೆಸಿ, ಬೂಟಿನ ದಾರ ಬಿಗಿದು ಕಟ್ಟಿದಳು. ಕಾರು ಹೋದ ಮೇಲೂ ಆ ದಾರ ಕಟ್ಟಿದ ಭಂಗಿಯಲ್ಲೇ ನೆಲದ ಮೇಲೆ ಕೂತಿದ್ದಳು.

ಬಟ್ಟೆ ಇಡುವ ಕೋಣೆಯೊಳಕ್ಕೆ ನನ್ನನ್ನು ಎಳೆದುಕೊಂಡು ಹೋಗಿ ಸಿಸ್ಟರ್ ಬಾಗಿಲು ಹಾಕಿದರು. ನಾನು ಅಳುತ್ತಿದ್ದೆ. “ಆ ಹಾಳೆ ಹರಿದು ಹಾಕೋಣ ಸಿಸ್ಟರ್. ಬೇರೆ ಬರೆದುಕೊಡ್ತೀನಿ. ಕೋರ್ಟಿಗೆ ಹೋಗೋ ಮೊದಲು,” ಎಂದೆ.

“ನಮ್ಮ ಕಾಗದಗಳನ್ನ ಇನ್ನೂರು ವರ್ಷದಿಂದ ಅವರು ಹರಿದಿದ್ದಾರೆ. ನಾನು ಹರಿಯಲ್ಲ. ನೀವು ಬರೆದದ್ದರಲ್ಲಿ ಸುಳ್ಳು ಒಂದೂ ಇಲ್ಲ. ಯಾರಿಗೆ ಬರೀತಿದ್ದೀರಿ ಅಂತ ಯೋಚಿಸಲಿಲ್ಲ, ಅಷ್ಟೇ. ಈಗ ಬಂದು ಅವರ ಮುಂದೆ ಬಾಯಿಬಿಟ್ಟು ಹೇಳಿ.”

ನಮ್ಮವರಿಗೆ ದಿಗಿಲಾಯಿತು. “ಅಲ್ಲ ಕಣೇ, ನಿನ್ನ ಲೈಸೆನ್ಸೇ ಇನ್ನೂ ಟೆಂಪರರಿ. ಕಾಂಟ್ರ್ಯಾಕ್ಟ್ ರಿನ್ಯೂ ಮಾಡೋರು ಇದೇ ಆಸ್ಪತ್ರೆಯೋರು. ಬಂದು ಆರು ತಿಂಗಳಿಗೆ ಕೋರ್ಟಲ್ಲಿ ನಿಂತ್ಕೊಂಡು ಕೌಂಟಿಯೋರ ವಿರುದ್ಧ ಮಾತಾಡ್ತೀಯಾ?”

“ವಿರುದ್ಧ ಅಲ್ಲ ರೀ, ನಾನು ಬರೆದಿದ್ದನ್ನ ಎಕ್ಸ್‌ಪ್ಲೇನ್ ಮಾಡ್ತೀನಿ.”

“ಎಕ್ಸ್‌ಪ್ಲೇನ್ ಮಾಡಿದ್ರೆ ಮಗು ವಾಪಸ್ ಕೊಡ್ತಾರಾ?”

“ಗೊತ್ತಿಲ್ಲ. ಮಾಡದೆ ಇದ್ರೆ ನಾನು ನಮ್ಮಜ್ಜಿ ಮುಖ ಹೇಗೆ ನೋಡ್ಲಿ, ಹೇಳಿ?”

ನನ್ನ ಅಜ್ಜಿ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ಅವರು ಅದನ್ನು ನೆನಪಿಸಲಿಲ್ಲ. ಬೆಳಗ್ಗೆ ಗಿರಣಿಗೆ ರಜಾ ಹಾಕಿ ತಾವೇ ಕಾರು ತೆಗೆದರು.

ಕೋರ್ಟಿಗೆ ಸಮವಸ್ತ್ರದಲ್ಲಿ ಹೋಗಕೂಡದೆಂದು ಆಸ್ಪತ್ರೆಯ ಮೇಲಧಿಕಾರಿ ಸಿಸ್ಟರ್‌ಗೆ ಹೇಳಿದ್ದರು. ಅವರು ಅವತ್ತು ಟೋಪಿಗೆ ಎರಡು ಸಲ ಗಂಜಿ ಹಾಕಿ, ಇಸ್ತ್ರಿ ಮಾಡಿಕೊಂಡು ಬಂದು ಮೊದಲ ಸಾಲಿನಲ್ಲಿ ಕೂತರು. ಮಗುವಿನ ಅಜ್ಜಿ ಚರ್ಚಿಗೆ ಹೋಗುವ ನೀಲಿ ಹ್ಯಾಟು ಹಾಕಿಕೊಂಡು ಬಂದಿದ್ದಳು. ಸುದ್ದಿ ತಿಳಿದು ವಾಷಿಂಗ್ಟನ್ನಿನಿಂದ ಬಸ್ಸಿನಲ್ಲಿ ಬಂದಿದ್ದ ತಾಯಿ ಅವಳ ಪಕ್ಕ ಬೆವರುತ್ತ ಕೂತಿದ್ದಳು.

“ಡಾಕ್ಟರ್, ಇದು ನಿಮ್ಮ ಕೈಬರಹವೇ?” ಕೌಂಟಿಯ ವಕೀಲ ಕೇಳಿದ. ಹೌದು ಎಂದೆ. “ಮಗುವಿಗೆ ಸ್ವಂತ ಹಾಸಿಗೆ ಇಲ್ಲ. ನಿಜವೇ?”

“ನಿಜ, ಆದರೆ...”

“ತಾಯಿ ಎರಡು ವರ್ಷದಿಂದ ಜೊತೆಗಿಲ್ಲ. ನಿಜವೇ?”

“ನಿಜ. ಅವಳು ದುಡಿಯೋಕೆ...”

“ಇದರಲ್ಲಿ ನೀವು ಹಿಂದಕ್ಕೆ ತೆಗೆದುಕೊಳ್ಳುವ ಸಾಲು ಯಾವುದಾದರೂ ಇದೆಯೇ?”

ಇಲ್ಲ ಎಂದೆ. ಇಲ್ಲ ಎನ್ನದೆ ಏನು ಹೇಳಲಿ? ಅಷ್ಟು ಸಾಕು ಎಂದು ಆತ ಕೂರಲು ಹೋದ. ಆಗ ನನಗೆ ಎಲ್ಲಿಂದ ಸಿಟ್ಟು ಬಂತೋ, ಎದ್ದು ನಿಂತು ನ್ಯಾಯಾಧೀಶರ ಕಡೆ ತಿರುಗಿದೆ. “ನಾನೂ ಹೀಗೇ ಬೆಳೆದವಳು. ಅಜ್ಜಿಯ ಹಾಸಿಗೆಯಲ್ಲಿ, ಅಜ್ಜಿಯ ಕೈಯಿಂದ ಉಂಡು. ಇದು ದಿಕ್ಕಿಲ್ಲದ ಮಗು ಅಂತ ನಾನು ಬರೆದಿಲ್ಲ. ಇಷ್ಟು ಜನಕ್ಕೆ ಬೇಕಾದ ಮಗು ಅಂತ ಬರೆದಿದ್ದೀನಿ.”

ನ್ಯಾಯಾಧೀಶರು ಒರಟರೇನಲ್ಲ. ಬಹಳ ಸೌಜನ್ಯದಿಂದ, “ನಿಮ್ಮ ದೇಶದ ಪದ್ಧತಿ ಈ ಕೋರ್ಟಿನ ಮುಂದಿಲ್ಲ, ಡಾಕ್ಟರ್,” ಎಂದರು. ಗುಮಾಸ್ತನಿಗೆ, “ಆ ಮಾತನ್ನು ದಾಖಲೆಯಿಂದ ತೆಗೆಯಿರಿ,” ಎಂದರು. ನಾನು ತಿರುಗಿ ನೋಡಿದಾಗ ಸಿಸ್ಟರ್ ತಲೆ ಬಗ್ಗಿಸಿಕೊಂಡು, ಮೊಣಕಾಲಿನ ಮೇಲೆ ಕಂದು ಕಾಗದದ ಚೀಲ ಇಟ್ಟುಕೊಂಡು, ಕೊರಳಿನ ಪೆನ್ನಿನಲ್ಲಿ ಏನೋ ಬರೆಯುತ್ತಿದ್ದರು.

ಮಗುವನ್ನು ಅಟ್ಲಾಂಟಾದ ಕಡೆಯ ಯಾವುದೋ ಕುಟುಂಬಕ್ಕೆ ಕೊಟ್ಟರೆಂದು ತಿಳಿಯಿತು. ವಿಳಾಸವನ್ನು ಯಾರಿಗೂ ಹೇಳುವಂತಿರಲಿಲ್ಲ. ನನ್ನ ಕೆಲಸ ಹೋಗಲಿಲ್ಲ, ಅಂಥ ಊರಿಗೆ ಬರಲು ಬೇರೆ ಮಕ್ಕಳ ಡಾಕ್ಟರು ಯಾರೂ ಇರಲಿಲ್ಲ. ತಾಯಿ ವಾಷಿಂಗ್ಟನ್ನಿಗೆ ವಾಪಸ್ ಹೋಗಲಿಲ್ಲ. ಊರಿನಲ್ಲೇ ಗಿರಣಿಗೆ ಸೇರಿ ಅಜ್ಜಿಯ ಮನೆಯಲ್ಲಿ ಉಳಿದಳು.

ಸಿಸ್ಟರ್ ನನ್ನ ಜೊತೆ ಒಂದೂವರೆ ತಿಂಗಳು ಕೆಲಸದ ಮಾತು ಬಿಟ್ಟರೆ ಬೇರೆ ಮಾತಾಡಲಿಲ್ಲ. ಕೋಪಕ್ಕೆ ಅವರಲ್ಲಿ ದನಿ ಇರಲಿಲ್ಲ. ನಾನು ಕೈ ಚಾಚುವ ಮೊದಲೇ ಬೇಕಾದ ಸಾಮಾನು ಕೈಗೆ ಬರುತ್ತಿತ್ತು, ಆದರೆ ಮುಖ ಬೇರೆ ಕಡೆ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆಮೇಲೆ ಒಂದು ದಿನ ತಮ್ಮ ಚೀಲದಿಂದ ಅರ್ಧ ಜೋಳದ ರೊಟ್ಟಿ ಮುರಿದು ನನ್ನ ಮುಂದಿಟ್ಟು, “ತಿನ್ನಿ, ಸೊರಗಿಹೋಗಿದ್ದೀರಿ,” ಎಂದರು. ನಮ್ಮ ರೊಟ್ಟಿಯಲ್ಲ ಅದು, ಅಲ್ಲಿಯವರು ಹಿಟ್ಟು ಕಲಸಿ ಒಲೆಯಲ್ಲಿ ಬೇಯಿಸುವ ದಪ್ಪನೆಯದು. ಇಬ್ಬರೂ ನಿಂತೇ ತಿಂದೆವು.

ಅವರು ಮಾಡುತ್ತಿದ್ದ ಇನ್ನೊಂದು ಕೆಲಸ ನನಗೆ ಗೊತ್ತಾದದ್ದು ಅಕ್ಟೋಬರಿನಲ್ಲಿ. ಅಪಾಯಿಂಟ್‌ಮೆಂಟ್ ಪುಸ್ತಕದಲ್ಲಿ ಆ ಮಗುವಿನ ಹೆಸರಿತ್ತು. ನಾನು ಬೆಚ್ಚಿಬಿದ್ದೆ. ಸಿಸ್ಟರ್ ಮಾಮೂಲಿನಂತೆ ಬಾಗಿಲಿಗೆ ಹೋಗಿ, ಕಾಯುವ ಜಾಗದ ಕಡೆ ನೋಡಿ, ಗಟ್ಟಿಯಾಗಿ ಆ ಹೆಸರು ಕೂಗಿದರು. ಸ್ವಲ್ಪ ಹೊತ್ತು ನಿಂತರು. ಆಮೇಲೆ ಒಳಗೆ ಬಂದು ಫೈಲು ತೆಗೆದು, ತಾರೀಖು ಹಾಕಿ, ‘ಬರಲಿಲ್ಲ’ ಎಂದು ಬರೆದು ಸಹಿ ಮಾಡಿದರು. ಮುಂದಿನ ಏಪ್ರಿಲ್ಲಿಗೆ ಮತ್ತೊಂದು ಅಪಾಯಿಂಟ್‌ಮೆಂಟ್.

“ಐದು ವರ್ಷ ಮುಟ್ಟದ ಫೈಲನ್ನ ಬಾಯ್ಲರಿಗೆ ಹಾಕಿ ಸುಡ್ತಾರೆ,” ಎಂದರು ನನ್ನ ಮುಖ ನೋಡದೆ. “ಇದನ್ನ ನಾನು ಮುಟ್ಟುತ್ತಾ ಇರ್ತೀನಿ.”

ಅಲ್ಲಿಂದ ಮುಂದೆ ವರ್ಷಕ್ಕೆ ಎರಡು ಸಲ, ಅಕ್ಟೋಬರ್ ಮತ್ತು ಏಪ್ರಿಲ್, ಆ ಹೆಸರನ್ನು ಕೂಗುವುದು ನಡೆಯಿತು. ಕಾಯುತ್ತಿದ್ದ ಅವರ ಜನ ಆಗ ಮಾತು ನಿಲ್ಲಿಸುತ್ತಿದ್ದರು. ಒಮ್ಮೆ ಅಜ್ಜಿಯೇ ಮಂಡಿ ನೋವೆಂದು ಬಂದು ಬೆಂಚಿನ ಮೇಲೆ ಕೂತಿದ್ದಳು. ಸಿಸ್ಟರ್ ಅವಳನ್ನು ನೋಡಿದರೂ ನಿಲ್ಲಿಸಲಿಲ್ಲ, ಕೂಗಿದರು. ಅಜ್ಜಿ ಬಾಗಿಲಿನ ಕಡೆ ನೋಡಿ, “ಇನ್ನೂ ಬಂದಿಲ್ಲಮ್ಮ, ಬರ್ತಾಳೆ,” ಎಂದಳು. ಅವಳು ಸತ್ತದ್ದು ಎಪ್ಪತ್ತೊಂದರಲ್ಲಿ.

ನಾನೇನು ಮಾಡುತ್ತಿದ್ದೆ? ‘ಮನೆಯ ಪರಿಸ್ಥಿತಿ’ ಕಾಲಂನಲ್ಲಿ ಒಂದೇ ಪದ ಬರೆಯುತ್ತಿದ್ದೆ: ‘ಸರಿಯಿದೆ’. ಯಾವ ಮಗು ಬರಲಿ, ‘ಸರಿಯಿದೆ’. ಅಪ್ಪಿತಪ್ಪಿಯೂ ಎರಡನೇ ಪದ ಬರೆಯಲು ನನ್ನ ಕೈ ಏಳುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವೆ ಒಂದು ಸುದ್ದಿ ಬಂತು. ಮೂಲ ಜನರ ಮಕ್ಕಳನ್ನು ದೇಶದುದ್ದಕ್ಕೂ ಹೀಗೆ ಎತ್ತಿಕೊಂಡು ಹೋಗುತ್ತಿದ್ದಾರೆಂದು ದೂರುಗಳು ಸೇರಿ, ವಾಷಿಂಗ್ಟನ್ನಿನಲ್ಲಿ ಸಂಸತ್ತಿನ ಒಂದು ಸಮಿತಿ ಜನರ ಮಾತು ಕೇಳುತ್ತದಂತೆ. ಸಿಸ್ಟರ್ ಒಂದು ಪತ್ರ ಬರೆದರು. ಕರೆ ಬಂತು. ಬಸ್ಸಿನಲ್ಲಿ ಹೋಗುತ್ತೇನೆಂದು ಹಟ ಹಿಡಿದವರನ್ನು ನಮ್ಮ ಕಾರಿನಲ್ಲಿ ಕೂರಿಸಿಕೊಂಡು ಹೊರಟೆವು. ದಾರಿಯಲ್ಲಿ ಪುಳಿಯೋಗರೆ ಕೊಟ್ಟೆ. ತಿಂದು, “ಇದು ಊಟವೋ, ಔಷಧವೋ?” ಎಂದರು. ಎರಡನೇ ಸಲ ಕೇಳಿ ಹಾಕಿಸಿಕೊಂಡರು.

ಅವರಿಗೆ ಸಿಕ್ಕಿದ್ದು ಕೆಲವೇ ನಿಮಿಷ. ಆ ದೊಡ್ಡ ಕೋಣೆಯಲ್ಲಿ ಅವರು ತಮ್ಮ ಮಾತು ಏನೂ ಹೇಳಲಿಲ್ಲ. ಮೊದಲು ನನ್ನ ಕೇಸ್ ಶೀಟಿನ ಅರ್ಧ ಪುಟ ಓದಿದರು. ಆಮೇಲೆ ಕೌಂಟಿಯ ಆದೇಶ ಓದಿದರು. ಕೊನೆಗೆ ಮಡಿಕೆ ಬಿಡಿಸಿ ಕಂದು ಕಾಗದದ ಚೀಲ ಹಿಡಿದು, “ಇದನ್ನ ದಾಖಲೆಯಿಂದ ತೆಗೆದರು, ಹಾಗಾಗಿ ನಾನು ಬರೆದಿಟ್ಟುಕೊಂಡೆ,” ಎಂದು ಕೋರ್ಟಿನಲ್ಲಿ ನಾನು ಆಡಿದ ಮಾತನ್ನು ಅಕ್ಷರ ಬಿಡದೆ ಓದಿದರು. ಹಿಂದಿನ ಸಾಲಿನಲ್ಲಿ ನಮ್ಮವರು ಕರವಸ್ತ್ರ ಹುಡುಕುತ್ತಿದ್ದರು. ನಾನು ನನ್ನದನ್ನು ಕೊಡಲಿಲ್ಲ, ನನಗೇ ಬೇಕಾಗಿತ್ತು.

ಎಪ್ಪತ್ತೆಂಟರಲ್ಲಿ ಕಾನೂನು ಬಂತು. ಮೂಲ ಜನರ ಮಗುವನ್ನು ಮನೆಯಿಂದ ತೆಗೆಯುವುದಾದರೆ ಮೊದಲು ಬಂಧುಗಳನ್ನು, ಬುಡಕಟ್ಟಿನವರನ್ನು ಕೇಳಬೇಕು. ನಾನು ಪತ್ರಿಕೆ ಹಿಡಿದು ವಾರ್ಡಿಗೆ ಓಡಿದೆ. ಸಿಸ್ಟರ್ ಕುಣಿಯಲಿಲ್ಲ. ಕಾನೂನಿನ ಪೂರ್ತಿ ಪಠ್ಯವನ್ನು ಅಂಚೆಯಲ್ಲಿ ತರಿಸಿ, ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದತೊಡಗಿದರು. ಶುರುವಿನಲ್ಲೇ, ಯಾವ ಬುಡಕಟ್ಟಿಗೆ ಇದು ಅನ್ವಯ ಎಂದು ಬರೆದ ಜಾಗದಲ್ಲಿ ಬೆರಳು ನಿಂತಿತು. ವಾಷಿಂಗ್ಟನ್ನಿನ ಪಟ್ಟಿಯಲ್ಲಿ ಇರುವವರಿಗೆ ಮಾತ್ರ. ಅವರ ಜನ ಆ ಪಟ್ಟಿಯಲ್ಲಿ ಇರಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. “ಇದೇನು ಸಿಸ್ಟರ್ ಅನ್ಯಾಯ? ನೀವು ಹೋಗಿ ಸಾಕ್ಷಿ ಹೇಳಿದಿರಲ್ಲ!”

“ಇದು ಬೇರೆಯವರ ಮಕ್ಕಳನ್ನ ಉಳಿಸುತ್ತೆ,” ಎಂದರು. ಆ ಕಾಗದವನ್ನೂ ನಾಲ್ಕು ಮಡಿಕೆ ಮಾಡಿದರು. “ಸರಿ. ಮುಂದಿನ ಮಗುವನ್ನ ಕರೆಯಲಾ, ಡಾಕ್ಟರ್?”

ಎಂಬತ್ತರ ಏಪ್ರಿಲ್‌ಗೆ ಅವರು ನಿವೃತ್ತರಾಗಬೇಕಿತ್ತು. ಮೇಲಧಿಕಾರಿಯ ಹತ್ತಿರ ಹೋಗಿ ವರ್ಷದ ಕೊನೆಯವರೆಗೆ ಮುಂದೂಡಿಸಿಕೊಂಡರು. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಬೇಸಿಗೆಯಲ್ಲಿ ಹುಡುಗಿಗೆ ಹದಿನೆಂಟು ತುಂಬುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಆಗಸ್ಟಿನ ಒಂದು ಮಧ್ಯಾಹ್ನ, ಕ್ಲಿನಿಕ್ಕು ಮುಗಿಯುವ ಹೊತ್ತಿಗೆ, ಜಾರ್ಜಿಯಾ ನಂಬರಿನ, ಅಂದರೆ ಅಟ್ಲಾಂಟಾ ಕಡೆಯ, ಹಳೆಯ ಕಾರೊಂದು ಬಂದು ನಿಂತಿತು. ಎತ್ತರದ ಹುಡುಗಿಯೊಬ್ಬಳು ಇಳಿದು, ಬಹಳ ಹೊತ್ತು ಮೂರು ಬಾಗಿಲುಗಳನ್ನೂ ನೋಡುತ್ತ ನಿಂತಿದ್ದಳು. ಕೊನೆಗೆ ನಡುವಿನದರಿಂದ ಒಳಗೆ ಬಂದು, ಕೌಂಟರಿನ ಮೇಲೆ ಮಡಿಕೆ ಸವೆದ ಒಂದು ಲಸಿಕೆ ಕಾರ್ಡು ಇಟ್ಟಳು. ಪ್ರತಿ ಶಾಲೆಯವರೂ ಕೇಳುವ ಕಾರ್ಡು, ಅದಕ್ಕೇ ಸಾಕಿದವರು ಅದನ್ನು ಎಸೆಯಲಾಗಿರಲಿಲ್ಲ.

“ನನಗೆ ಇಲ್ಲಿ ಒಂದು ಅಪಾಯಿಂಟ್‌ಮೆಂಟ್ ಇತ್ತು. ತುಂಬಾ ಲೇಟಾಯ್ತು. ಕ್ಷಮಿಸಿ,” ಎಂದಳು.

ಸಿಸ್ಟರ್ ಆ ಕಾರ್ಡನ್ನು ತಿರುಗಿಸಿ ತಮ್ಮ ದಪ್ಪಕ್ಷರ ನೋಡಿದರು. ಹುಡುಗಿಯನ್ನು ತಬ್ಬಿಕೊಳ್ಳುತ್ತಾರೆಂದು ನಾನು ಕಾಯುತ್ತಿದ್ದೆ. ಅವರು ತೂಕದ ಯಂತ್ರ ತೋರಿಸಿ, “ಬೂಟು ಬಿಚ್ಚಿ ಹತ್ತು, ಮಗಳೇ,” ಎಂದರು. ದನಿ ಒಡೆದಿತ್ತು. ತೂಕ ನೋಡಿದರು, ಎತ್ತರ ನೋಡಿದರು. ಐದನೇ ವರ್ಷಕ್ಕೆ ನಿಂತಿದ್ದ ಚಾರ್ಟಿನಲ್ಲಿ ಹದಿನೆಂಟರ ಜಾಗಕ್ಕೆ ಒಂದು ಚುಕ್ಕೆ ಇಟ್ಟರು. ಒಬ್ಬ ಆಯಾಳನ್ನು ಕರೆದು, ಹುಡುಗಿಯ ತಾಯಿಗೂ ಚಿಕ್ಕಮ್ಮಂದಿರಿಗೂ ಸುದ್ದಿ ಮುಟ್ಟಿಸಲು ಕಳಿಸಿದರು. ಆಮೇಲೆ ಫೈಲನ್ನು ಹುಡುಗಿಯ ಕೈಗೆ ಕೊಟ್ಟರು.

ಅವಳು ನನ್ನ ಅರ್ಧ ಪುಟ ಓದಿದಳು. ಕಂದು ಕಾಗದದ ಚೀಲ ಓದಿದಳು. ಒಂದರ ಕೆಳಗೆ ಒಂದು ‘ಬರಲಿಲ್ಲ’, ‘ಬರಲಿಲ್ಲ’, ‘ಬರಲಿಲ್ಲ’ ಎಂದಿದ್ದ ಇಪ್ಪತ್ತನಾಲ್ಕು ಸಾಲುಗಳ ಮೇಲೆ ಬೆರಳಾಡಿಸಿದಳು.

“ಯಾರಿಗೂ ಬೇಡವಾದ ಮಗು ಅಂತ ನನಗೆ ಹೇಳಿದ್ದರು,” ಎಂದಳು. “ಅಜ್ಜಿಯ ಬೆರಳು ನನಗೆ ನೆನಪಿತ್ತು. ಕನಸೇನೋ ಅಂದುಕೊಂಡಿದ್ದೆ. ಇದನ್ನ ಬರೆದವರು ಯಾರು?”

ನಾನು ಎಂದೆ. ಆ ಹಾಳೆಯಿಂದಲೇ ನಿನ್ನನ್ನು ಕರೆದುಕೊಂಡು ಹೋದರು ಎಂದೂ ಹೇಳಿದೆ. ಅದನ್ನು ಮುಚ್ಚಿಟ್ಟು ಅವಳ ಕಣ್ಣು ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ನಾನು ಬೈಗುಳಕ್ಕೆ ಕಾದು ನಿಂತಿದ್ದೆ. ಅವಳು ಹಾಳೆಯನ್ನು ಎದೆಗೆ ಒತ್ತಿಕೊಂಡು, “ಇದನ್ನ ನಾನು ಇಟ್ಟುಕೊಳ್ಳಬಹುದಾ?” ಎಂದಳು. ಯಾವ ಕಾಗದವನ್ನೂ ಕೈಬಿಡದ ಸಿಸ್ಟರ್ ತಲೆಯಾಡಿಸಿದರು.

ಆಮೇಲೆ ಅವರು ಇಪ್ಪತ್ತೈದನೇ ಸಾಲಿನಲ್ಲಿ ತಾರೀಖು ಹಾಕಿ, ‘ಬಂದಳು’ ಎಂದು ಬರೆದು ಸಹಿ ಮಾಡಿದರು. ಕೊರಳಿನ ದಾರ ಬಿಚ್ಚಿ ಪೆನ್ನನ್ನು ನನ್ನ ಮುಂದೆ ಹಿಡಿದರು.

“ಇವತ್ತಿನ ಹಾಳೆಯಲ್ಲಿ ಮನೆಯ ಪರಿಸ್ಥಿತಿ ಕಾಲಂ ಖಾಲಿ ಇದೆ, ಡಾಕ್ಟರ್. ‘ಸರಿಯಿದೆ’ ಅಂತ ಬರೆದರೆ ನಾನು ಸುಮ್ಮನಿರಲ್ಲ.”

ಹನ್ನೆರಡು ವರ್ಷದ ಮೇಲೆ ಆ ಕಾಲಂನಲ್ಲಿ ಪೂರ್ತಿ ವಾಕ್ಯ ಬರೆಯಲು ಕೂತೆ. ಮೊದಲ ಅಕ್ಷರ ಸೊಟ್ಟಗಾಯಿತು. ಸಿಸ್ಟರ್ ನನ್ನ ಹೆಗಲ ಮೇಲೆ ಕೈ ಇಟ್ಟರು. ನಾನು ಬರೆದೆ: ‘ಇವಳಿಗೆ ಮೂರು ಮನೆಗಳಿವೆ. ಮೂರರಲ್ಲೂ ಇವತ್ತು ಊಟ ಇಟ್ಟುಕೊಂಡು ಇವಳಿಗಾಗಿ ಕಾಯುತ್ತಿದ್ದಾರೆ.’